ಉಳಿದುಹೋದ ಎರಡು ಬೋಲ್ಟು

ಮೇ ೧೪, ಮಂಗಳವಾರ

ಎಸಿಯ ಹೊರಗಿನ ಯೂನಿಟ್ಟಿಗೆ ನಾಲ್ಕು ಬೋಲ್ಟು ಇರಲೇಬೇಕೆಂದು ಬೆಳಿಗ್ಗೆ ಗಿರಾಕಿಯ ಮನೆಯಲ್ಲಿ ಭಾಷಣ ಬಿಗಿದು ಬಂದವನು ನಾನೇ. ಸಂಜೆ ನಮ್ಮ ಮನೆಯದು ಗಡಗಡ ಅನ್ನುತ್ತಿದೆಯಲ್ಲ ಎಂದು ಏಣಿ ಹತ್ತಿ ನೋಡಿದರೆ, ಎರಡೇ ಬೋಲ್ಟು! ಮೂರು ವರ್ಷದ ಹಿಂದೆ ಕೂರಿಸುವಾಗ, ನಮ್ಮ ಮನೆಯದೇ ತಾನೆ, ಉಳಿದೆರಡು ನಾಳೆ ಹಾಕಿದರಾಯಿತು ಎಂದುಕೊಂಡಿದ್ದೆ. ಇದ್ದೆರಡರಲ್ಲಿ ಒಂದು ಬೆರಳಿಗೇ ಬಿಚ್ಚಿಕೊಂಡು ಬಂತು. ನೇರ ಕೆಳಗೆ ಅಮ್ಮನ ಕುರ್ಚಿ.

ನಾಲ್ಕನ್ನೂ ಬಿಗಿದು ಇಳಿದವನೇ ರೇಗಿದೆ: "ಅಷ್ಟು ಸದ್ದು ಬರ್ತಿತ್ತಲ್ಲ, ಯಾಕಮ್ಮ ಹೇಳ್ಲಿಲ್ಲ?"

"ನೀನೇ ಕೂರಿಸಿದ್ದಲ್ವೇನೋ," ಎಂದಳು. "ಆ ಧೈರ್ಯದ ಮೇಲೇ ಅದರ ಕೆಳಗೆ ಕೂರ್ತಿದ್ದೆ."

ಈಗ ಟಾರ್ಚು ಹಿಡಿದು ಮತ್ತೆ ನೋಡಿ ಬಂದೆ. ನಾಲ್ಕೂ ಇವೆ. ಆದರೂ ಆ ಕುರ್ಚಿಯನ್ನು ಅಲ್ಲಿಂದ ಸರಿಸಿಯೇ ಒಳಗೆ ಬಂದೆ.