ತಿಮ್ಮಪ್ಪನಿಗೆ ಕೊಡದ ಮುಡಿ

೫ ಜನವರಿ ೧೯೭೮, ಗುರುವಾರ

ಮತ್ತೆ ಕೆಂಪು ಇಂಜೆಕ್ಷನ್. ಪರೇಲಿನ ಆಸ್ಪತ್ರೆಯಿಂದ ಘಾಟ್ಕೋಪರ್‌ವರೆಗೆ ಲೋಕಲ್‌ನಲ್ಲಿ ವಾಂತಿ ಹೇಗೋ ತಡೆದುಕೊಂಡೆ. ಚಾಳಿನ ಮೆಟ್ಟಿಲಲ್ಲಿ ಆಗಲಿಲ್ಲ. ಮಗಳು ಚಂದ್ರಾ ಬಕೆಟ್ ತಂದು ತೊಳೆದಳು. ಬಾಯಿ ತುಂಬ ಹುಣ್ಣು. ನೀರು ಕೂಡ ತುಕ್ಕು ಕಬ್ಬಿಣದ ರುಚಿ.

ಎದೆಯ ಗಂಟು ತೆಗೆದಾಯಿತು, ಇನ್ನು ಚೆನ್ನಾಗಿ ಊಟ ಮಾಡಿ ಎಂದರು ಡಾಕ್ಟರು. ಅವರ ಬಾಯಿಗೆ ಸಕ್ಕರೆ ಹಾಕ. ನನ್ನ ಬಾಯಿಗೆ ಹಾಕಿದರೆ ಅದೂ ಕಬ್ಬಿಣವೇ.

೯ ಜನವರಿ, ಮಲಾಡ್

ಅಣ್ಣನ ಮನೆಗೆ ಬಂದಿದ್ದೇನೆ. ಇಲ್ಲಿ ಕಕ್ಕಸು ಮನೆಯೊಳಗೇ ಇದೆ, ಅದಕ್ಕೆ. ಚಾಳಿನಲ್ಲಿ ಹೊಟ್ಟೆ ಹಿಡಿದುಕೊಂಡು ಡಬ್ಬಿ ಸಮೇತ ಸಾಲಿನಲ್ಲಿ ನಿಲ್ಲುವುದು ಇನ್ನು ನನ್ನಿಂದಾಗದು.

ಬಾಚಣಿಗೆ ಇಟ್ಟರೆ ಕೂದಲು ಹಿಡಿ ಹಿಡಿಯಾಗಿ ಬರುತ್ತಿದೆ. ಉಳಿದದ್ದನ್ನು ಅತ್ತಿಗೆ ಅಣ್ಣನ ರೇಜರ್‌ನಿಂದ ತೆಗೆದಳು. ತೆಗೆಯುತ್ತ ಅತ್ತಳು. ನಾನು ಅಳಲಿಲ್ಲ... ಕನ್ನಡಿಯನ್ನೂ ಕೇಳಲಿಲ್ಲ.

೧೬ ಜನವರಿ

ಚಾಳಿಗೆ ಮರಳಿ ಬಂದೆ. ಪಕ್ಕದ ಖೋಲಿಯ ರಾಚವ್ವ ಕಾಯುತ್ತಿದ್ದವಳಂತೆ ಒಳಗೇ ಬಂದಳು. ನನ್ನ ತಲೆಯ ಮೇಲಿನ ಸೆರಗು ಜಾರಿತು.

"ಅಯ್ಯ, ಇದೇನ್ರೀ ಟೀಚರ್!"

ನಾನು ಬಾಯಿ ತೆಗೆಯುವ ಮುಂಚೆ ಇವರು, "ತಿರುಪತಿಗೆ ಹೋಗಿದ್ಲು. ತಿಮ್ಮಪ್ಪಗ ಮುಡಿ ಕೊಟ್ಟಾಳ. ಮಗಳ ಮದಿವಿ ಕೂಡಿ ಬರಲಿ ಅಂತ ಹರಕಿ."

ಇವರ ಮನಸ್ಸಿನಲ್ಲಿ ಇರುವುದು ಗೊತ್ತು. ಮುಲುಂಡಿನ ಹಾಲವ್ವ ಮಗನಿಗೆ ನಮ್ಮ ಚಂದ್ರಾಳನ್ನು ಕೇಳಿದ್ದಾರೆ. ಮುಂದಿನ ತಿಂಗಳು ನೋಡಲು ಬರುತ್ತಾರೆ. ತಾಯಿಗೆ ಇಂಥ ರೋಗ ಎಂದರೆ ಮಗಳನ್ನು ಯಾರು ತಂದುಕೊಳ್ಳುತ್ತಾರೆ? ರೋಗದ ಹೆಸರನ್ನು ಮನೆಯೊಳಗೂ ನಾವು ಹೇಳುವುದಿಲ್ಲ. "ಅದು" ಎನ್ನುತ್ತೇವೆ.

ಶಿವಭಕ್ತರು ನಾವು. ಸುಳ್ಳಿಗೆ ಮಾತ್ರ ತಿಮ್ಮಪ್ಪ ಬೇಕಾಯಿತು.

"ಪ್ರಸಾದ ಎಲ್ಲೈತ್ರೀ?" ಎಂದಳು ರಾಚವ್ವ.

೧೭ ಜನವರಿ

ಇವರು ಸ್ಟೇಷನ್ ಹತ್ತಿರದ ಮಿಠಾಯಿ ಅಂಗಡಿಯಿಂದ ಲಾಡು ತಂದರು. ಪುಡಿ ಮಾಡಿ, ಪಚ್ಚಕರ್ಪೂರ ಬೆರೆಸಿ, ಮತ್ತೆ ಕಟ್ಟಿದೆ. ಆ ವಾಸನೆಗೆ ಎರಡು ಸಲ ವಾಂತಿ. ಸುಳ್ಳು ಹೇಳಬಾರದೆಂದು ಮುನಿಸಿಪಾಲಿಟಿ ಶಾಲೆಯಲ್ಲಿ ಪಾಠ ಹೇಳುವವಳು ನಾನು.

ರಾಚವ್ವ ಕಣ್ಣಿಗೊತ್ತಿಕೊಂಡು ತಿಂದಳು. "ತಿರುಪತಿ ಲಾಡು ಅಂದ್ರ ಲಾಡುರೀ. ನಮ್ಮ ಘಾಟ್ಕೋಪರ್ ಲಾಡುಕ್ಕ ಈ ಘಮಾ ಎಲ್ಲಿಂದ ಬರಬೇಕು!"

ನಗು ಬಂತು. ನಕ್ಕರೆ ತುಟಿಯ ಹುಣ್ಣು ಒಡೆದು ರಕ್ತ.

೨೮ ಜನವರಿ

ನಿನ್ನೆ ಇಂಜೆಕ್ಷನ್. ನಾನು, ಬಕೆಟ್. ಅಷ್ಟೇ.

೫ ಫೆಬ್ರವರಿ, ಭಾನುವಾರ

ಹಾಲವ್ವ, ಮಗ ಬಂಡೆಪ್ಪ ಬಂದರು. ಹುಡುಗ ಒಳ್ಳೆಯವನೇ. ಚಂದ್ರಾಳನ್ನು ನೋಡಿ ಅವನ ಮುಖ ಅರಳಿದ್ದನ್ನು ನಾನೇ ಕಂಡೆ. ಹಾಲವ್ವ ಚಹಾ ಕೈಗೆತ್ತಿಕೊಂಡರು.

"ಮೆಟ್ಟಿಲ ಮ್ಯಾಲೆ ರಾಚವ್ವ ಸಿಕ್ಕಿದ್ರು. ಮಗಳ ಮದಿವಿಗೆ ಮುಡೀನ ಕೊಟ್ಟೀರಂತ?"

ಇವರು ಎದೆಯುಬ್ಬಿಸಿ ಹೌದೆಂದರು.

"ಅಲ್ರೀ ಬಸವಂತರಾಯ್ರ, ತಪ್ಪ ತಿಳ್ಕೋಬ್ಯಾಡ್ರಿ. ಹಡದವ್ವ ತಲಿ ಬೋಳಿಸ್ಕೊಳ್ಳೂವಂಥಾ ಊನ ಏನೈತಿ ಹುಡುಗಿಗೆ? ಮೂರ್ಛಿಗೀರ್ಛಿ ಬರ್ತೈತೇನು?"

ಚಂದ್ರಾಳೇ ಮಾತಾಡಿದಳು, ತನ್ನ ಹಿಂದಿ ಬೆರೆತ ಹರಕುಮುರುಕು ಕನ್ನಡದಲ್ಲಿ.

"ನನಗ ಕುಛ್ ನಹೀ ಆಂಟಿ. ಅವ್ವಗ ಕ್ಯಾನ್ಸರ್ ಐತಿ. ದವಾ ಸೇ ಕೂದಲಾ ಹೋತು. ಮುಡಿಬಿಡಿ ಎಲ್ಲಾ ಝೂಟ್."

ಮನೆಯಲ್ಲಿ ಆ ಹೆಸರು ಕೇಳಿದ್ದು ಇದೇ ಮೊದಲು.

ಹಾಲವ್ವ ಕಪ್ಪನ್ನು ತುಟಿಗೆ ತಾಗಿಸದೆ ಕೆಳಗಿಟ್ಟರು. "ಲೋಕಲ್ ತಪ್ತೈತ್ರೀ, ಬರ್ತೀವಿ." ಕುಂಕುಮದ ಬಟ್ಟಲು ಹಿಡಿದು ಅಡ್ಡ ನಿಂತೆ. ಬಂದ ಮುತ್ತೈದೆ ಕುಂಕುಮವಿಲ್ಲದೆ ಹೋಗಬಾರದಲ್ಲ. ನನ್ನ ಬೆರಳು ಹಣೆಯ ಹತ್ತಿರ ಹೋದಾಗ ಆಕೆ ತಲೆ ಹಿಂದೆಳೆದರು. "ಇರ್ಲಿ ಬಿಡ್ರಿ, ಮನ್ಯಾಗ ಹಚ್ಕೊಂಡ ಬಂದೀನಿ."

ನಾನಿನ್ನೂ ಸತ್ತಿಲ್ಲ. ನನ್ನ ಗಂಡನೂ ಸತ್ತಿಲ್ಲ.

ಅದೇ ದಿನ, ಸಂಜೆ

ಇವರು ಚಂದ್ರಾಳ ಮೇಲೆ ಕೂಗಾಡಿದರು. "ಮೂರ್ಛಿ ಅಂದ್ರೂ ಔಷಧ ಕೊಡಿಸ್ತೀವಿ ಅಂತ ಒಪ್ಪಿಸಬೌದಿತ್ತು! ಬಾಯಿ ಮುಚ್ಕೊಂಡಿದ್ರ ಏನಾಗ್ತಿತ್ತು?"

ಎಲ್ಲರ ಮೇಲೂ ಸಿಟ್ಟು ಬಂದಿದೆ ನನಗೆ. ಹಾಲವ್ವ, ಇವರು, ಡಾಕ್ಟರು, ಆ ತಿಮ್ಮಪ್ಪ. ಅವಳ ಮೇಲೆ ಮಾತ್ರ ಬರುತ್ತಿಲ್ಲ.

ಹಾಲವ್ವ ಬಿಟ್ಟುಹೋದ ಚಹಾವನ್ನು ಚಂದ್ರಾ ಬಿಸಿ ಮಾಡಿಕೊಂಡು ಬಂದು ನನ್ನೆದುರು ಕೂತು ಕುಡಿದಳು. ಆಮೇಲೆ ಹಣೆ ಮುಂದೆ ಚಾಚಿದಳು. "ಅವ್ವಾ, ನನಗ ಹಚ್ಚು."

ಹಚ್ಚಿದೆ. ಕುಂಕುಮ ಮೂಗಿನ ಮೇಲೆಲ್ಲ ಉದುರಿತು. ಅವಳು ನಕ್ಕಳು. ನನಗಾಗಲಿಲ್ಲ. ಮುಲುಂಡಿನಲ್ಲಿ ಹಾಲವ್ವನವರ ಬ್ಲಾಕ್ ಮನೆ ಇತ್ತು, ಕಕ್ಕಸು ಒಳಗೇ. ನನ್ನ ಮಗಳು ಡಬ್ಬಿ ಹಿಡಿದು ಸಾಲಿನಲ್ಲಿ ನಿಲ್ಲಬೇಕಿರಲಿಲ್ಲ. ಈಗ ಇಲ್ಲೇ, ನನ್ನ ವಾಂತಿ ತೊಳೆಯುತ್ತ... ಮತ್ತೆ ಬರುತ್ತಿದೆ. ಕೂಗುವ ಮೊದಲೇ ಎದ್ದಿದ್ದಾಳೆ, ಬಕೆಟ್—