ಅಂಟುಕೋಣೆಯ ಇಟಾಲಿಯನ್ ಪಾಠ

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಕಾರ್ಖಾನೆಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಅಮ್ಮನನ್ನು ಮ್ಯಾನೇಜರ್ ಒಳಗೆ ಕರೆಸಿದ್ದಾನೆ. ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ.

ನಮ್ಮ ಅಂಟುಕೋಣೆ ನೀನು ಕಂಡದ್ದೇ. ಬೂಟಿನ ಅಟ್ಟೆಗೆ ಬಳಿದ ಅಂಟಿನ ಮೇಲೆ ಧೂಳು ಕೂರಬಾರದೆಂದು ಕಿಟಕಿಗೆ ಮೊಳೆ ಹೊಡೆದಿದ್ದಾರೆ. ಅಮ್ಮನ ಕೆಮ್ಮು ಈಗ ಮಾತಿಗಿಂತ ಹೆಚ್ಚು. ಇಟಲಿಯ ಯಜಮಾನ ಬರುತ್ತಾನೆಂದು ಸುದ್ದಿಯಾಯಿತು. ನಾವೇನೇ ಹೇಳಿದರೂ ದುಭಾಷಿ ಅದಕ್ಕೆ ಬೆಣ್ಣೆ ಸವರಿಯೇ ದಾಟಿಸುವುದು. ದುಡಿಯುವವರ ಮಾತನ್ನು ದುಡಿಯುವವರೇ ಆಡಬೇಕೆಂದು ಕಾರ್ಮಿಕ ಸಂಘದ ಕರಪತ್ರದಲ್ಲಿ ಓದಿದ್ದೆನಲ್ಲ, ಒಂದು ಹಳೆಯ ಇಟಾಲಿಯನ್ ಕೈಪಿಡಿ ಹುಡುಕಿ ತಂದೆ.

'ರೆಸ್ಪಿರಾರೆ' ಎಂದರೆ ಉಸಿರಾಡುವುದು. ನಿಯಮ ಮೀರದ ಸಾಧು ಕ್ರಿಯಾಪದ. ಬಾಲದ 'ಆರೆ' ಕಿತ್ತು, ನಾನು ಎನ್ನಲು 'ಓ', ನೀನು ಎನ್ನಲು 'ಇ', ಅವಳು ಎನ್ನಲು 'ಅ' ಅಂಟಿಸಿದರಾಯಿತು. ಅಂಟಿಸುವುದು ನಮಗೇನು ಹೊಸದೇ! ಮುಂದೆ 'ನೋನ್' ಇಟ್ಟರೆ 'ಇಲ್ಲ'. ಮೇಜಿನ ಸುತ್ತಲಿನ ಒಬ್ಬೊಬ್ಬಳಿಗೂ ಒಂದೊಂದು ರೂಪ ಕಲಿಸಿದೆ: ನೋನ್ ರೆಸ್ಪಿರೋ, ನೋನ್ ರೆಸ್ಪಿರಿ, ನೋನ್ ರೆಸ್ಪಿರ. 'ನಾವು ಉಸಿರಾಡುತ್ತಿಲ್ಲ', ನೋನ್ ರೆಸ್ಪಿರ್ಯಾಮೊ, ಅಮ್ಮನ ಪಾಲಿಗೆ. "ಉಸಿರಿಲ್ಲ ಅನ್ನೋಕೂ ಉಸಿರು ಬೇಕಲ್ಲೇ, ನನ್ನ ಬಿಟ್ಬಿಡು" ಎಂದಳು. ಎಲ್ಲರೆದುರೇ ಅವಳನ್ನು ಹೇಡಿ ಎಂದೆ.

ಇಂದು ಬೆಳಿಗ್ಗೆ ಯಜಮಾನ ಬಂದ. ನಾನು ಕಣ್ಸನ್ನೆ ಮಾಡಿದೆ. ನಾನು, ನೀನು, ಅವಳು ಎಂದು ಕೈಪಿಡಿಯ ಸಾಲಿನಲ್ಲೇ ಹೆಂಗಸರು ಒಪ್ಪಿಸಿದರು. ಎಡವಿದ್ದು ಅಲ್ಲೇ. ಅವನ ಕಿವಿಗೆ ಅದು ದೂರು ಎನಿಸಲಿಲ್ಲ, ಶಾಲೆಯ ಪಾಠವಾಯಿತು! ಖುಷಿಯಿಂದ ಚಪ್ಪಾಳೆ ತಟ್ಟಿದ, ಒಬ್ಬಳ ಉಚ್ಚಾರಣೆಯನ್ನೂ ತಿದ್ದಿದ.

ಸರದಿ ಅಮ್ಮನದು. ಅವಳು ಬೂಟಿನ ಮರದ ಅಚ್ಚೊಂದನ್ನು ಎತ್ತಿಕೊಂಡು ಹೋಗಿ ಕಿಟಕಿಯ ಗಾಜಿಗೆ ಬಾರಿಸಿದಳು. ಗಾಳಿ ನುಗ್ಗಿತು. ಯಜಮಾನ ದುಭಾಷಿಯ ಮುಖ ನೋಡಿದ. ಅವನಿಗೆ ಸವರಲು ಬೆಣ್ಣೆಯೇ ಸಿಗಲಿಲ್ಲ.

ಈಗ ಅಂಟುಕೋಣೆಯವರೆಲ್ಲ ಮೆಟ್ಟಿಲ ಮೇಲಿದ್ದೇವೆ. ಅಮ್ಮನನ್ನು ತೆಗೆದರೆ ಯಾರೂ ಒಳಗೆ ಕಾಲಿಡುವುದಿಲ್ಲ.

ನಿನ್ನ ತಂಗಿ

ಇನ್ನೊಂದು ಮಾತು, ಮೇಲೆ ಬರೆಯಲು ಕೈ ಬರಲಿಲ್ಲ. ಯಜಮಾನ ಚಪ್ಪಾಳೆ ತಟ್ಟಿದಾಗ ನಾನು ಹಲ್ಲು ಕಿರಿದು 'ಗ್ರಾತ್ಸಿಯೆ', ಧನ್ಯವಾದ, ಎಂದುಬಿಟ್ಟೆ. ಅಮ್ಮ ನನ್ನ ಮುಖ ನೋಡಿದಳು. ಅಚ್ಚಿಗೆ ಕೈ ಹಾಕಿದ್ದು ಆಮೇಲೆ.

ಈಗಷ್ಟೇ ಹೊರಗೆ ಬಂದಳು. ಕೆಲಸ ಹೋಯಿತಂತೆ. ಮೆಟ್ಟಿಲಿಂದ ಒಬ್ಬಳೂ ಏಳಲಿಲ್ಲ. "ಸ್ವಲ್ಪ ಆ ಕಡೆ ಸರಿಯೇ, ಹೇಡಿ" ಎಂದು ನನ್ನ ಪಕ್ಕದಲ್ಲೇ ಕೂತಳು.