ಹದಿನೇಳನೇ ಖೋಲಿಯ ಹುಣಸೆಬೀಜ

ಕ್ರೇಗಿಬರ್ನ್, ಮೆಲ್ಬರ್ನ್
14 ಜೂನ್ 2025, ಶನಿವಾರ

ಪ್ರೀತಿಯ ವಿರುಪಾಕ್ಷಣ್ಣಾ,

ನಿನ್ನ ಮೊಣಕಾಲು ನೋವು ಹೇಗಿದೆ? ಡಾಕ್ಟರು ಬೇಡವೆಂದರೂ ನಿಮ್ಮ ಸಿಡ್ನಿಯ ಚಾಟ್ಸ್‌ವುಡ್ ಸ್ಟೇಷನ್ನಿನಲ್ಲಿ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುತ್ತೀ ಎಂದು ಸಂಧ್ಯಾರಾಣಿ ವೈನಿ ಫೋನಿನಲ್ಲಿ ದೂರಿದರು. ಅವರ ಮಾತನ್ನಾದರೂ ಕೇಳು ಮಾರಾಯಾ. ಇಲ್ಲಿ ನಾವೆಲ್ಲ ಆರಾಮ. ಸಿಂಚನಾಗೆ ನೆಗಡಿ, ಕಷಾಯ ಮಾಡಿಕೊಟ್ಟರೆ "ನೋ ಥ್ಯಾಂಕ್ಸ್ ಪಪ್ಪಾ" ಎನ್ನುತ್ತಾಳೆ.

ನಿಮ್ಮ ಹದಿನೇಳನೇ ಖೋಲಿ ಬಳಗದ ಇತಿಹಾಸ ಬರೆದು ಮುಗಿಸಿದ್ದೇನೆ. ಮುಂದಿನ ತಿಂಗಳು ನಿನ್ನ ಮನೆಯಲ್ಲಿ ಎಲ್ಲರೂ ಸೇರುವಾಗ ಹಂಚಲು ಪುಸ್ತಕ ಬೇಕು, "ನಿನ್ನ ಕನ್ನಡ ಚೊಲೋ ಅದ, ನೀನೇ ಬರಿ" ಎಂದು ಇಲ್ಲಿಯ ಬಾಕ್ಸ್ ಹಿಲ್‌ನ ಬಸವಣ್ಣೆಪ್ಪನ ಕೈಯಲ್ಲಿ ಬಳಗದ ಆ ಹಳೆಯ ನೋಟ್‌ಬುಕ್ ಕಳಿಸಿದೆಯಲ್ಲ, ಆಗಲೇ ನನ್ನ ಹೊಟ್ಟೆ ಉರಿಯಿತು. ಊಟಕ್ಕೆ ಕರೆಯದವನಿಗೆ ಬಡಿಸಲು ಹೇಳಿದ ಹಾಗಾಯಿತು. ಆದರೂ ಬರೆದೆ. 1993ರಲ್ಲಿ ಧಾರವಾಡದ ಹಾಸ್ಟೆಲಿನ ಆ ಕೋಣೆಯಲ್ಲಿ ಐವರು ಹುಡುಗರು ರೊಟ್ಟಿಗೆ ಹಚ್ಚಿಕೊಳ್ಳುವ ಒಂದು ಡಬ್ಬಿ ಶೇಂಗಾ ಹಿಂಡಿ ಹಂಚಿಕೊಂಡಲ್ಲಿಂದ ಬಳಗ ಹೇಗೆ ಶುರುವಾಯಿತು, ಒಬ್ಬನಿಗೆ ಕಾಮಾಲೆಯಾದಾಗ ಉಳಿದವರು ಪಾಳಿಯ ಮೇಲೆ ಹೇಗೆ ನೋಡಿಕೊಂಡರು, ಎಲ್ಲ ಇದೆ. ಓದಿದರೆ ಕಣ್ಣು ತುಂಬುತ್ತದೆ, ಅದೇ ನನ್ನ ಸಂಕಟ. ಅವ್ವ ನಮ್ಮಿಬ್ಬರಿಗೂ ಎಂದು ಕಳಿಸುತ್ತಿದ್ದ ಹಿಂಡಿಯ ಡಬ್ಬಿಯೂ ನಿಮ್ಮ ಖೋಲಿಯಲ್ಲೇ ಇರುತ್ತಿತ್ತು. ಆಮೇಲೆ ಅದೇ ಹಾಸ್ಟೆಲು ಸೇರಿದ ನಾನು ಬಾಗಿಲ ಹೊರಗೆ ನಿಂತು ನಿಮ್ಮ ನಗು ಕೇಳುತ್ತಿದ್ದೆ.

ಹೊಸಬನನ್ನು ಸೇರಿಸಿಕೊಳ್ಳುವ ಪದ್ಧತಿಯನ್ನೂ ಬರೆದಿದ್ದೇನೆ. ಸ್ಟೀಲ್ ಲೋಟ ಸುತ್ತು ಬರುತ್ತದೆ. ಒಪ್ಪಿದವರು ಅವರೆಕಾಳು ಹಾಕಬೇಕು, ಒಪ್ಪದವರು ಹುಣಸೆಬೀಜ. ಒಂದೇ ಹುಣಸೆಬೀಜ ಬಿದ್ದರೂ ಆತ ಹೊರಗೆ. 1997ರಲ್ಲಿ ನನ್ನ ಸರದಿ ಬಂತು. ಅಂದು ನಾನು ಎರಡು ಹಾಡು ಹೇಳಿ, ವಾರ್ಡನ್‌ನ ಹಾಗೆ ಮಾತಾಡಿ ತೋರಿಸಿ, ಎಲ್ಲರನ್ನೂ ಬಿದ್ದು ಬಿದ್ದು ನಗಿಸಿದ್ದೆ. ಲೋಟ ಬೋರಲು ಹಾಕಿದರೆ ಹತ್ತು ಅವರೆಕಾಳು, ಒಂದು ಹುಣಸೆಬೀಜ. ಲೋಟ ಹಿಡಿದಿದ್ದ ಬಸವಣ್ಣೆಪ್ಪ ನನ್ನ ಮುಖವನ್ನೇ ನೋಡಲಿಲ್ಲ. ಅದು ಅವನದೇ ಕೆಲಸವೆಂದು ನನಗೆ ಗೊತ್ತು. ಹದಿನಾಲ್ಕು ವರ್ಷಗಳಿಂದ ಒಂದೇ ಊರಿನಲ್ಲಿದ್ದರೂ ಅವನ ಮನೆಯಲ್ಲಿ ನಾನು ಒಂದು ತುತ್ತು ಉಂಡಿಲ್ಲ. ಅವನು ಕರೆಯುವುದನ್ನೂ ಬಿಟ್ಟಿಲ್ಲ, ನಾಚಿಕೆಗೇಡಿ.

ಈ ಸಲ ನನಗಾಗಿ ಮತ್ತೆ ಲೋಟ ಇಡುತ್ತೀರಂತೆ. ಬೇಡ. ಐವತ್ತರ ಹತ್ತಿರ ಬಂದವನು ಕಾಳು ಎಣಿಸಿಕೊಳ್ಳುತ್ತಾ ಕೂರಲಾರೆ. ನಾನು ಸಿಡ್ನಿಗೆ ಬರುವುದೂ ಇಲ್ಲ. ನಿನಗೆ ಹತ್ತು ಮಂದಿ ಅಣ್ಣತಮ್ಮಂದಿರಿದ್ದರು, ನನಗೆ ನೀನೊಬ್ಬನೇ ಇದ್ದೆ. ಇಷ್ಟು ವರ್ಷ ಹೇಳಿರಲಿಲ್ಲ, ಈಗ ಹೇಳಿದೆ. ನೋಟ್‌ಬುಕ್ಕನ್ನು ಇದರ ಜೊತೆಗೇ ಪೋಸ್ಟ್ ಮಾಡುತ್ತಿದ್ದೇನೆ.

ವೈನಿಗೆ ನಮಸ್ಕಾರ, ಮಕ್ಕಳಿಗೆ ಮುದ್ದು. ಕಾಲಿಗೆ ಬಿಸಿನೀರಿನ ಶಾಖ ಕೊಡುವುದನ್ನು ಮರೆಯಬೇಡ.

ಸಿಟ್ಟಿನಲ್ಲಿಯೂ ನಿನ್ನ ತಮ್ಮನೇ ಆದ
ಗೌರೀಶ

ತಾ.ಕ.: ಪಾರ್ಸಲ್ ಕಟ್ಟುವಾಗ ನೋಟ್‌ಬುಕ್ ಕೈಜಾರಿ ಬಿತ್ತು. ಅದನ್ನು ತಿರುವಿ ಹಿಡಿದು ಹಿಂದಿನಿಂದಲೂ ಬರೆದಿದ್ದಾರೆಂದು ಆಗಲೇ ತಿಳಿದದ್ದು. ಹುಣಸೆಬೀಜ ಹಾಕಿದವನು ತನ್ನ ಹೆಸರು ಹೇಳದೆ ಕಾರಣ ಬರೆದಿಡಬೇಕಿತ್ತಂತೆ. ನನ್ನ ಹೆಸರಿನ ಕೆಳಗೆ ಹೀಗಿದೆ: "ಅಂವ ಇಲ್ಲಿಗೂ ಬಂದ್ರ ನನ್ನ ಯಾರು ಕೇಳ್ತಾರ? ಮನ್ಯಾಗ ಈಗಾಗ್ಲೇ ಹಂಗಾಗೇದ." ನನಗೆ ಅ ಆ ತಿದ್ದಿಸಿದವನ ಅಕ್ಷರ ನನಗೆ ಗುರುತು ಸಿಗುವುದಿಲ್ಲವೇ ಅಣ್ಣಾ? ಮರೆತು ಕೊಟ್ಟೆಯೋ, ಓದಲಿ ಎಂದೇ ಕೊಟ್ಟೆಯೋ, ಹೇಳಬೇಡ. ನೀನು ನನ್ನ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೆ ಎಂಬುದನ್ನು ನನಗೆ ಇನ್ನೂ ನಂಬಲಾಗುತ್ತಿಲ್ಲ. ಆ ಪುಟವನ್ನು ಪುಸ್ತಕಕ್ಕೆ ಹಾಕುವುದಿಲ್ಲ. ಬಸವಣ್ಣೆಪ್ಪನಿಗೆ ಫೋನ್ ಮಾಡಿ ನಾಳೆ ಊಟಕ್ಕೆ ಬರುತ್ತೇನೆಂದೆ. ಪಾಪ, ಏನು ಅಡುಗೆ ಮಾಡಿಸಲಿ ಎಂದು ಮೂರು ಸಲ ಕೇಳಿದ. ಸಿಡ್ನಿಗೂ ಟಿಕೆಟ್ ಬುಕ್ ಮಾಡಿದ್ದೇನೆ. ಲೋಟ ತೊಳೆದಿಡು, ಅವರೆಕಾಳು ನಾನೇ ತರುತ್ತೇನೆ. ಇಲ್ಲಿಯ ಅಂಗಡಿಯಲ್ಲಿ ಸಿಗುವುದು ಬೀಜ ತೆಗೆದ ಹುಣಸೆಹಣ್ಣು ಮಾತ್ರ.